ಹಾಸಿನ ಹೆಸರಿನಲ್ಲಿ ಹಗಲುದರೋಡೆ

ಎಲ್.ಪಿ. ರೆಕಾರ್ಡುಗಳಿಗೆ ಮತ್ತೆ ಶುಕ್ರದೆಸೆ ಬಂದಿದೆ, ಸಂತೋಷ. ಅಪ್ಪ ಕೂಡಿಟ್ಟ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರ ತಟ್ಟೆಗಳನ್ನು ಅಟ್ಟದಿಂದ ಇಳಿಸಿ ಹೊಸ ಟರ್ನ್‌ಟೇಬಲ್ ಕೊಳ್ಳುವವರು ನಮ್ಮ ಕನ್ನಡ ಮನೆಗಳಲ್ಲೂ ಇದ್ದಾರೆ. ಆದರೆ ಅವರ ಬೆನ್ನಿಗೇ ಹಾಸಿನ ವ್ಯಾಪಾರಿಗಳು ಬಿದ್ದಿದ್ದಾರೆ. ಯಂತ್ರದ ಜೊತೆ ಬಂದ ರಬ್ಬರು ಹಾಸು ಪ್ರಯೋಜನವಿಲ್ಲ, ಫೆಲ್ಟ್ ಹಾಕಿ, ಕಾರ್ಕ್ ಹಾಕಿ, ಚರ್ಮ ಹಾಕಿ, ನಾದ ಅರಳುತ್ತದೆ ಎಂಬ ಉಪದೇಶ ಬೇರೆ!

ಸ್ವಾಮಿ, ಹಾಸಿನ ಕೆಲಸವಾದರೂ ಏನು? ತಟ್ಟೆ ಜಾರದಂತೆ ಹಿಡಿಯಬೇಕು, ಕೆಳಗಿನ ಲೋಹದ ಫಲಕದ ಕಂಪನವನ್ನು ಅಡಗಿಸಬೇಕು, ಗೀರು ಬೀಳದಂತೆ ಕಾಯಬೇಕು. ಒಳ್ಳೆಯ ರಬ್ಬರು ಈ ಮೂರನ್ನೂ ಮಾಡುತ್ತದೆ.

ಇನ್ನು ಫೆಲ್ಟ್. 1970ರ ದಶಕದಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮೊದಲಾದ ಡಿಸ್ಕ್ ಜಾಕಿಗಳು, ಫಲಕ ತಿರುಗುತ್ತಿರುವಾಗಲೇ ತಟ್ಟೆಯನ್ನು ಕೈಯಿಂದ ತಡೆದು ಹಿಂದೆ ಮುಂದೆ ಆಡಿಸಲು ಜಾರುವ ಹಾಸು ಬಳಸಿದರು. ಇಂದು ಅಂಗಡಿಯಲ್ಲಿ ಸಿಗುವ ತೆಳು ಫೆಲ್ಟುಗಳಲ್ಲಿ ಬಹಳಷ್ಟು ಈ ಜಾತಿಯವೇ. ಜಾರಲೆಂದೇ ಮಾಡಿದ್ದನ್ನು ಕಣ್ಣು ಮುಚ್ಚಿ ದಾಸರ ಪದ ಕೇಳುವವನಿಗೆ ಮಾರುವುದು ಯಾವ ನ್ಯಾಯ? ಸಾಲದ್ದಕ್ಕೆ, ಉಣ್ಣೆಗೆ ಉಜ್ಜಿದ ವಿನೈಲ್ ಋಣವಿದ್ಯುತ್ತನ್ನು ಪಡೆಯುತ್ತದೆ. ಇದು ಶಾಲೆಯ ಭೌತಶಾಸ್ತ್ರ. ದೆಹಲಿಯ ಬೇಸಿಗೆಯ ಒಣಹವೆಯಲ್ಲಿ ತಟ್ಟೆ ಎತ್ತಿದರೆ ಉಣ್ಣೆಯ ಫೆಲ್ಟೂ ಅಂಟಿಕೊಂಡು ಮೇಲೇಳುತ್ತದೆ, ಧೂಳನ್ನೂ ಕರೆಯುತ್ತದೆ. ಮುಂಬಯಿಯ ಜುಲೈನಲ್ಲಿ ಆ ತೊಂದರೆ ಕಡಿಮೆ, ಬದಲಿಗೆ ಬೂಷ್ಟಿನ ಭಯ.

ಕಾರ್ಕಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಪುಡಿ ಉದುರದಿದ್ದರೆ ಸರಿ. ಆದರೆ ದಪ್ಪದ ಮಾತನ್ನು ಯಾರೂ ಎತ್ತುವುದಿಲ್ಲ. ತಟ್ಟೆ 3 ಮಿ.ಮೀ. ಮೇಲೇರಿದರೆ, 230 ಮಿ.ಮೀ. ತೋಳಿನ ಓರೆ ಸುಮಾರು ಮುಕ್ಕಾಲು ಡಿಗ್ರಿ ಬದಲಾಗುತ್ತದೆ. ಅಗ್ಗದ ಯಂತ್ರಗಳಲ್ಲಿ ತೋಳನ್ನು ಎತ್ತರಿಸುವ ಅನುಕೂಲವೇ ಇರುವುದಿಲ್ಲ. ಕೇಳಿದ ವ್ಯತ್ಯಾಸ ಕಾರ್ಕಿನದೋ, ಓರೆಯದೋ, ಕೊಟ್ಟ ದುಡ್ಡಿನದೋ? ಸಂಶಯವಿದ್ದರೆ ಮನೆಯವರು ನಿಮಗೆ ಹೇಳದೆ ಹಾಸು ಬದಲಿಸಲಿ. ಹತ್ತು ಸಲ ಗುರುತಿಸಿ ನೋಡಿ.

ನನ್ನ ನಿಜವಾದ ಕೋಪ ಬೇರೆಯದು. ಹಾಸಿಗೆ ಸಾವಿರಾರು ರೂಪಾಯಿ ಸುರಿಯುವವರ ಯಂತ್ರದಲ್ಲೇ ಸೂಜಿ ಸವೆದಿರುತ್ತದೆ. ವಜ್ರದ ಸೂಜಿಯಾದರೂ ಕೆಲವು ನೂರು ಗಂಟೆಗಳಲ್ಲಿ ಸವೆಯುತ್ತದೆ. ಸವೆದದ್ದು ತಟ್ಟೆಯ ಗೀರುಗಾಲುವೆಯನ್ನು ಉಳಿಯಂತೆ ಕೆತ್ತುತ್ತದೆ, ಧೂಳಿದ್ದರೆ ಇನ್ನೂ ಬೇಗ. ಹಾಸು ಯಾವುದೇ ಇರಲಿ, ಆ ಹಾನಿ ತಡೆಯಲಾರದು. ಮರಳಿ ಅಚ್ಚಾಗದ ಹಳೆಯ ಕನ್ನಡ ಗೀತೆಯೊಂದರ ತಟ್ಟೆ ನಿಮ್ಮಲ್ಲಿದ್ದರೆ, ಹಾಳಾಗುವುದು ಅದು. ದುಡ್ಡಿದ್ದರೆ ಮೊದಲು ಸೂಜಿ, ಆಮೇಲೆ ಧೂಳಿನ ಬ್ರಷ್ಷು ಕೊಳ್ಳಿ. ರಬ್ಬರು ಹಾಸು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಧಾರಾಳವಾಗಿ ಬದಲಿಸಿ. ಅಷ್ಟೇ ದಪ್ಪದ ರಬ್ಬರನ್ನೇ ತನ್ನಿ.