ತಪ್ಪು ದರದ ಟಿಕೆಟ್: ಹೊಣೆ ಯಾರದು?

ವಿಮಾನ ಸಂಸ್ಥೆಗಳ ಜಾಲತಾಣಗಳಲ್ಲಿ ಆಗಾಗ ಒಂದು ಪ್ರಮಾದ ಸಂಭವಿಸುತ್ತದೆ. ಒಂದು ಸೊನ್ನೆ ಬಿಟ್ಟುಹೋಗಿಯೋ ವಿನಿಮಯ ದರ ತಪ್ಪಾಗಿಯೋ, ದುಬಾರಿ ಟಿಕೆಟ್ಟು ಕವಡೆ ಬೆಲೆಗೆ ಮಾರಾಟವಾಗುತ್ತದೆ. 2009ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಅಮೆರಿಕ–ಭಾರತ ಪ್ರಯಾಣದ ಮೂಲದರ 40 ಡಾಲರ್ ಎಂದು ಪ್ರಕಟವಾಯಿತು. ಸಂಸ್ಥೆ ಆ ಟಿಕೆಟ್‌ಗಳನ್ನು ರದ್ದುಗೊಳಿಸಿತು. 2019ರ ಹೊಸ ವರ್ಷದ ವೇಳೆ ಕ್ಯಾಥೆ ಪೆಸಿಫಿಕ್ ವಿಯೆಟ್ನಾಂನಿಂದ ಅಮೆರಿಕಕ್ಕೆ ಮೇಲ್ದರ್ಜೆಯ ಟಿಕೆಟ್‌ಗಳನ್ನು ಹೀಗೆಯೇ ಅಗ್ಗಕ್ಕೆ ಮಾರಿತು. ಆದರೆ ಅವನ್ನು ಮಾನ್ಯ ಮಾಡಿತು. ಒಂದೇ ಬಗೆಯ ತಪ್ಪಿಗೆ ಎರಡು ಬಗೆಯ ತೀರ್ಮಾನ. ಪ್ರಯಾಣಿಕ ಯಾವುದನ್ನು ನಂಬಬೇಕು?

ಇಂಥ ಟಿಕೆಟ್ ಕೊಂಡವರೆಲ್ಲ ದುರಾಸೆಯವರು ಎಂಬ ಮಾತು ಸುಲಭವಾಗಿ ಕೇಳಿಬರುತ್ತದೆ. ಅದು ಅರ್ಧಸತ್ಯ. ತಪ್ಪೆಂದು ಅರಿತೇ ಹತ್ತಾರು ಟಿಕೆಟ್ ಬಾಚಿಕೊಳ್ಳುವವರು ಇದ್ದಾರೆ. ಆದರೆ ಮಗಳ ಬಾಣಂತನಕ್ಕೆಂದು ವಿದೇಶಕ್ಕೆ ಹೊರಟ ತಾಯಿ ಕಡಿಮೆ ದರ ಕಂಡು ಟಿಕೆಟ್ ಪಡೆದರೆ, ಅದು ಪ್ರಮಾದವೋ ರಿಯಾಯಿತಿಯೋ ಎಂದು ತಿಳಿಯುವುದೆಂತು?

ತಿಳಿಯದಂತೆ ಮಾಡಿದವರು ಸಂಸ್ಥೆಗಳೇ. 2003ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಒಂದು ರೂಪಾಯಿಗೂ ಟಿಕೆಟ್ ಮಾರಿತು. ಅದು ತಪ್ಪಾಗಿರಲಿಲ್ಲ, ವ್ಯಾಪಾರ ನೀತಿಯಾಗಿತ್ತು. ಇಂದು ಒಂದೇ ವಿಮಾನದ ಅಕ್ಕಪಕ್ಕದ ಆಸನಗಳಿಗೆ ಬೇರೆ ಬೇರೆ ಬೆಲೆ; ಬೆಳಿಗ್ಗೆ ಇದ್ದ ದರ ಸಂಜೆಗಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಅಕ್ರಮ ಎನ್ನಲಾರೆ. ಆದರೆ ದಸರೆ, ದೀಪಾವಳಿಗೆ ದರ ಗಗನಕ್ಕೇರಿದಾಗ ‘ಮಾರುಕಟ್ಟೆಯ ನಿಯಮ’ ಎನ್ನುವವರು, ಪಾತಾಳಕ್ಕಿಳಿದಾಗ ಮಾತ್ರ ‘ಯಂತ್ರದ ದೋಷ’ ಎಂದರೆ ಒಪ್ಪುವುದು ಕಷ್ಟ.

ಕಾನೂನು ಏನು ಹೇಳುತ್ತದೆ? ಒಬ್ಬ ಪಕ್ಷಗಾರ ಮಾತ್ರ ವಾಸ್ತವಾಂಶದಲ್ಲಿ ತಪ್ಪಿದನೆಂಬ ಕಾರಣಕ್ಕೇ ಕರಾರನ್ನು ರದ್ದುಪಡಿಸಲಾಗದು ಎಂಬುದು 1872ರ ಭಾರತೀಯ ಕರಾರು ಅಧಿನಿಯಮದ 22ನೇ ಕಲಂನ ಸಾರ. ಇನ್ನೊಂದು ಮುಖವೂ ಇದೆ. ಸಿಂಗಪುರದಲ್ಲಿ 3,854 ಡಾಲರ್‌ನ ಮುದ್ರಣಯಂತ್ರಕ್ಕೆ ಜಾಲತಾಣದಲ್ಲಿ 66 ಡಾಲರ್ ಎಂದು ನಮೂದಾದಾಗ ಆರು ಮಂದಿ 1,606 ಯಂತ್ರಗಳಿಗೆ ಬೇಡಿಕೆ ಸಲ್ಲಿಸಿದ್ದರು. ಎದುರಾಳಿಯ ತಪ್ಪನ್ನು ಅರಿತು ಲಾಭ ಪಡೆಯಹೊರಟವರಿಗೆ ರಕ್ಷಣೆಯಿಲ್ಲವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು. ಅಮೆರಿಕದ ಸಾರಿಗೆ ಇಲಾಖೆ 2015ರಲ್ಲಿ ಮಧ್ಯಮಮಾರ್ಗ ಹಿಡಿಯಿತು: ತಪ್ಪು ದರವೆಂದು ರುಜುವಾತುಪಡಿಸಿದರೆ ಸಂಸ್ಥೆ ಟಿಕೆಟ್ ರದ್ದುಮಾಡಬಹುದು, ಆದರೆ ಅದನ್ನು ನಂಬಿ ಪ್ರಯಾಣಿಕ ಮಾಡಿದ ಇತರ ನ್ಯಾಯಯುತ ಖರ್ಚನ್ನೂ ಭರಿಸಬೇಕು.

ಇದು ಮಹಾನಗರದವರ ಸಮಸ್ಯೆ ಮಾತ್ರವಲ್ಲ. ಉಡಾನ್ ಯೋಜನೆಯಡಿ 2017ರಲ್ಲಿ ತೋರಣಗಲ್ಲು ಬಳಿಯ ವಿದ್ಯಾನಗರಕ್ಕೆ ವಿಮಾನ ಬಂದ ಮೇಲೆ, ಮೊಳಕಾಲ್ಮುರು ತಾಲ್ಲೂಕಿನ ನಮ್ಮ ರಾಂಪುರದಂಥ ಊರುಗಳಿಗೂ ಆಕಾಶಮಾರ್ಗ ಹತ್ತಿರವಾಯಿತು. ಮೊದಲ ಸಲ ವಿಮಾನವೇರುವವನಿಗೆ ಪರದೆಯ ಮೇಲೆ ಕಂಡದ್ದೇ ಬೆಲೆ. ರಾಂಪುರದ ಅಂಗಡಿಯಲ್ಲೂ ಬಾಯಿತಪ್ಪಿ ಬೆಲೆ ಹೇಳುವುದುಂಟು. ತೂಗುವ ಮುನ್ನ ತಿದ್ದಿಕೊಂಡರೆ ಗಿರಾಕಿ ಒಪ್ಪುತ್ತಾನೆ; ಹಣ ಪಡೆದು, ಸರಕು ಕೊಟ್ಟು, ಮರುವಾರ ಮನೆಗೆ ಬಂದು ವಾಪಸು ಕೇಳುವ ವರ್ತಕನನ್ನು ಯಾರೂ ಒಪ್ಪರು.

ನಮ್ಮ ನಿಯಮಕ್ಕೂ ಇದೇ ಆಧಾರವಾಗಬಹುದು. ಪ್ರಯಾಣಿಕನು ಹೆಸರಿನ ಅಕ್ಷರದೋಷವನ್ನು 24 ಗಂಟೆಯೊಳಗೆ ತಿಳಿಸಿದರೆ ಶುಲ್ಕವಿಲ್ಲದೆ ತಿದ್ದಬೇಕೆಂದು 2019ರ ಪ್ರಯಾಣಿಕರ ಸನ್ನದು ಹೇಳಿತು. ಸಂಸ್ಥೆಗೂ ಅದೇ 24 ಗಂಟೆ ಸಾಕು. ಅಷ್ಟರೊಳಗೆ ತಪ್ಪನ್ನು ತಿಳಿಸಿದರೆ ಪೂರ್ಣ ಹಣದ ಜೊತೆಗೆ ಪ್ರಯಾಣಿಕನ ಇತರ ಖರ್ಚನ್ನೂ ಕೊಟ್ಟು ರದ್ದುಪಡಿಸಲಿ. ಆಮೇಲಾದರೆ, ಸಗಟು ಖರೀದಿಯ ದುರುಪಯೋಗವನ್ನು ಹೊರತುಪಡಿಸಿ, ಟಿಕೆಟ್ಟನ್ನು ಮಾನ್ಯ ಮಾಡಲಿ. ತಪ್ಪಾದ ದಿನಾಂಕ ಒತ್ತಿದ ಪ್ರಯಾಣಿಕನಿಂದ ದಂಡ ವಸೂಲು ಮಾಡುವ ವ್ಯವಸ್ಥೆಯು ತನ್ನ ಪ್ರಮಾದಕ್ಕೂ ಬೆಲೆ ತೆರಲು ಸಿದ್ಧವಿರಬೇಕು.