ಡಬ್ಲ್ಯುಡಬ್ಲ್ಯುಇ ಚಾಂಪಿಯನ್‌ಶಿಪ್

ಡಬ್ಲ್ಯುಡಬ್ಲ್ಯುಇ ಚಾಂಪಿಯನ್‌ಶಿಪ್ ಅಮೆರಿಕದ ವೃತ್ತಿಪರ ಕುಸ್ತಿ ಸಂಸ್ಥೆಯಾದ ಡಬ್ಲ್ಯುಡಬ್ಲ್ಯುಇ ನೀಡುವ ವಿಶ್ವ ಚಾಂಪಿಯನ್ ಪಟ್ಟವಾಗಿದೆ. 1963ರ ಏಪ್ರಿಲ್‌ನಲ್ಲಿ ಬಡ್ಡಿ ರೋಜರ್ಸ್ ಇದರ ಮೊದಲ ಚಾಂಪಿಯನ್ ಎಂದು ಮಾನ್ಯತೆ ಪಡೆದರು. ಅದೇ ವರ್ಷ ಮೇ 17ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರನ್ನು ಒಂದು ನಿಮಿಷದೊಳಗೆ ಸೋಲಿಸಿದ ಬ್ರೂನೊ ಸಮ್ಮಾರ್ಟಿನೊ, 1971ರ ಜನವರಿಯವರೆಗೆ ಪಟ್ಟವನ್ನು ಉಳಿಸಿಕೊಂಡರು. 2017ರ ಮೇ ತಿಂಗಳಲ್ಲಿ ಕೆನಡಾದ ಜಿಂದರ್ ಮಹಲ್ ಇದನ್ನು ಗೆದ್ದ ಭಾರತೀಯ ಮೂಲದ ಮೊದಲಿಗರಾದರು.

ಏಕೀಕರಣ ಮತ್ತು ಪರಿಣಾಮ

ರಾ ಮತ್ತು ಸ್ಮ್ಯಾಕ್‌ಡೌನ್ ಕಾರ್ಯಕ್ರಮಗಳಿಗೆ ಪ್ರತ್ಯೇಕ ವಿಶ್ವ ಚಾಂಪಿಯನ್‌ಗಳಿದ್ದರು. ಯೂನಿವರ್ಸಲ್ ಚಾಂಪಿಯನ್ ಆಗಿದ್ದ ರೋಮನ್ ರೀನ್ಸ್ 2022ರ ಏಪ್ರಿಲ್ 3ರಂದು ಬ್ರಾಕ್ ಲೆಸ್ನರ್ ಅವರನ್ನು ಮಣಿಸಿದಾಗ ಎರಡೂ ಪಟ್ಟಗಳು ಒಬ್ಬರ ಪಾಲಾದವು. ರೀನ್ಸ್ ವಿರಳವಾಗಿ ಸ್ಪರ್ಧಿಸುತ್ತಿದ್ದುದರಿಂದ ಪ್ರತಿ ಪಂದ್ಯದ ಮಹತ್ವ ಹೆಚ್ಚಿತಾದರೂ, ಉಳಿದ ಕುಸ್ತಿಪಟುಗಳಿಗೆ ಅಗ್ರಸ್ಥಾನದ ಅವಕಾಶ ಕುಗ್ಗಿತು. ಈ ಕೊರತೆಯನ್ನು ತುಂಬಲು ಸಂಸ್ಥೆಯು 2023ರಲ್ಲಿ ಹೊಸ ವರ್ಲ್ಡ್ ಹೆವಿವೇಟ್ ಚಾಂಪಿಯನ್‌ಶಿಪ್ ಸ್ಥಾಪಿಸಿತು. ಸೇಥ್ ರಾಲಿನ್ಸ್ ಅದನ್ನು ಗೆದ್ದರು. 2024ರ ಏಪ್ರಿಲ್ 7ರಂದು ಕೋಡಿ ರೋಡ್ಸ್ ಅವರು ರೀನ್ಸ್ ಅವರನ್ನು ಸೋಲಿಸಿದರು.

ಈ ಪಂದ್ಯಗಳ ಫಲಿತಾಂಶ ಪೂರ್ವನಿರ್ಧರಿತವಾಗಿರುತ್ತದೆ. ಆದ್ದರಿಂದ ಪಟ್ಟವು ದೇಹಬಲಕ್ಕಿಂತ ಹೆಚ್ಚಾಗಿ, ಪ್ರೇಕ್ಷಕರನ್ನು ಸೆಳೆಯಲು ಸಂಸ್ಥೆಯು ಯಾರ ಮೇಲೆ ಭರವಸೆ ಇಟ್ಟಿದೆ ಎಂಬುದನ್ನು ಸೂಚಿಸುತ್ತದೆ.