ಮಣ್ಣು ತಾನೇ ನುಂಗುವ ಕಿರಣಗಳು

ಚಿಂತಾಮಣಿಯಿಂದ ಅಂಬಾಜಿದುರ್ಗದತ್ತ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಗ್ರಾನೈಟಿನ ಬೋಳು ಬಂಡೆ. ಅನಂತರ ಅದರ ಬುಡದ ಕೆಂಪು ನೆಲ. ಕಣ್ಣಿಗೆ ಬೀಳದ ವಸ್ತುವೊಂದೂ ಅಲ್ಲಿದೆ. ಗ್ರಾನೈಟ್ ಶಿಲೆಗಳಲ್ಲಿ ಸಾಮಾನ್ಯವಾಗಿ ಟನ್ನಿಗೆ ಕೆಲವೇ ಗ್ರಾಮಿನಷ್ಟು ಯುರೇನಿಯಮ್ ಬೆರೆತಿರುತ್ತದೆ. ಕೆರೆಗಳು ಬತ್ತಿ, ಬಾವಿಗಳು ಬರಿದಾಗಿ, ಜನರು ಬಂಡೆಯ ಬಿರುಕುಗಳ ಆಳದ ನೀರನ್ನು ಕೊಳವೆಬಾವಿಗಳಿಂದ ಎತ್ತಲು ತೊಡಗಿದ ಮೇಲೆ ಈ ಅಲ್ಪ ವಸ್ತುವಿಗೆ ದೊಡ್ಡ ಮಹತ್ತ್ವ ಬಂದಿದೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳೂ ಸೇರಿದಂತೆ ಪೂರ್ವ ಕರ್ನಾಟಕದ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಯುರೇನಿಯಮ್ ಮಿತಿಮೀರಿರುವುದನ್ನು 2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು 60.

ನೀರಿನ ಯುರೇನಿಯಮ್ಮನ್ನು ಅಳೆಯುವ ವಿಧಾನಗಳೇ ಬೇರೆ. ಆ ಅಂಕಿಗಳ ಬಗ್ಗೆ ಇಲ್ಲಿ ತಕರಾರಿಲ್ಲ. ನನ್ನ ಮಾತು ಅದರ ಮುಂದಿನ ಪ್ರಶ್ನೆಯನ್ನು ಕುರಿತದ್ದು: ಈ ಯುರೇನಿಯಮ್ ಇಲ್ಲಿಯ ಬಂಡೆಯಿಂದಲೇ, ಮಣ್ಣಿನಿಂದಲೇ ತೊಳೆದು ಬಂದುದೆ?

ಉತ್ತರಕ್ಕೆ ಪ್ರಕೃತಿಯೇ ಒಂದು ದಾರಿ ಕೊಟ್ಟಿದೆ. ಯುರೇನಿಯಮ್ ಕ್ಷಯಿಸುತ್ತ ಹೋದಂತೆ ಅದರ ಸಂತತಿಯಲ್ಲಿ ರೇಡಿಯಮ್ ಹುಟ್ಟುತ್ತದೆ. ಹತ್ತಾರು ಲಕ್ಷ ವರ್ಷ ಯಾರೂ ಕದಡದ ಶಿಲೆಯಲ್ಲಿ ಎರಡರ ವಿಕಿರಣ ಚಟುವಟಿಕೆಯೂ ಸರಿಸಮವಾಗಿರುವುದು. ನೀರು ಯುರೇನಿಯಮ್ಮನ್ನು ಕರಗಿಸಿ ಒಯ್ದು ರೇಡಿಯಮ್ಮನ್ನು ಬಿಟ್ಟಿದ್ದರೆ, ಮೊದಲನೆಯದು ಎರಡನೆಯದಕ್ಕಿಂತ ಕಡಮೆಯಾಗಿ ಕಾಣಬೇಕು. ಆದುದರಿಂದ ಮಣ್ಣನ್ನು ಒಣಗಿಸಿ, ಜರಡಿಯಾಡಿ, ಡಬ್ಬಿಯಲ್ಲಿ ಮುಚ್ಚಿ, ಸುಮಾರು ಒಂದು ತಿಂಗಳಿಟ್ಟು, ಜರ್ಮೇನಿಯಮ್ ಶೋಧಕದ ಮೇಲೆ ಕೂರಿಸಿ ಗ್ಯಾಮ ಕಿರಣಗಳನ್ನು ಎಣಿಸುತ್ತಾರೆ. ಯುರೇನಿಯಮ್ಮಿನ ಪರವಾಗಿ ಮಾತನಾಡುವುದು ಅದರ ಮಗುವಾದ ಥೋರಿಯಮ್-234. ಅದರ ಕಿರಣದ ಶಕ್ತಿ 63 ಕಿಲೊ ಎಲೆಕ್ಟ್ರಾನ್ ವೋಲ್ಟ್. ರೇಡಿಯಮ್ಮಿನ ಪರವಾಗಿ ಬಿಸ್ಮತ್-214, ಅದರದು 609. ಒಂದು ಮೆಲುದನಿ, ಇನ್ನೊಂದು ಗಟ್ಟಿದನಿ.

ತೊಡಕು ಹುಟ್ಟುವುದು ಇಲ್ಲಿಯೇ. ಬೂದಿ ಮುಚ್ಚಿದ ಕೆಂಡವನ್ನು ವಾಚಕರು ಬಲ್ಲರು. ಕೆಂಡದ ಕಾವನ್ನು ಮರೆಮಾಡುವ ಬೂದಿ ಹೊರಗಿನಿಂದ ಬಂದುದಲ್ಲ, ಅದೇ ಕೆಂಡದ್ದು. ಡಬ್ಬಿಯೊಳಗಿನ ಮಣ್ಣೂ ಹಾಗೆಯೇ: ತಾನು ಹೊರಡಿಸಿದ ಕಿರಣಗಳಲ್ಲಿ ಒಂದು ಭಾಗವನ್ನು ತಾನೇ ನುಂಗಿಕೊಳ್ಳುವುದು. ಇದಕ್ಕೆ ಸ್ವಹೀರಿಕೆ ಎನ್ನೋಣ. ಗಟ್ಟಿದನಿಯ ಕಿರಣ ಹೇಗೋ ಪಾರಾಗುತ್ತದೆ, ಮೆಲುದನಿಯದು ಸಿಕ್ಕಿಬೀಳುತ್ತದೆ.

ಎಷ್ಟೆಂಬುದನ್ನು ಲೆಕ್ಕಮಾಡಿ ನೋಡಬಹುದು. ಗೊತ್ತಾದ ಪ್ರಮಾಣದ ವಿಕಿರಣದ್ರವ್ಯವನ್ನು ನೀರಿನಲ್ಲಿ ಕರಗಿಸಿ, ಆ ನೀರಿನ ಡಬ್ಬಿಯಿಂದ ಉಪಕರಣದ ಮಾನಾಂಕನ ಮಾಡಿದ್ದೇವೆನ್ನಿ. ಬಳಿಕ ಅದೇ ಡಬ್ಬಿಯಲ್ಲಿ 4 ಸೆಂಟಿಮೀಟರ್ ಎತ್ತರಕ್ಕೆ ಕೆಮ್ಮಣ್ಣು ತುಂಬಿದೆವು. ಅದರ ಸಾಂದ್ರತೆ ನೀರಿನ ಒಂದೂವರೆಯಷ್ಟು, ಅದರಲ್ಲಿ ನೂರಕ್ಕೆ 7 ಪಾಲು ಕಬ್ಬಿಣ. ಕಿರಣಗಳೆಲ್ಲ ನೇರ ಶೋಧಕದತ್ತ ಹೊರಡುವುವೆಂದು ಸರಳವಾಗಿ ಎಣಿಸಿದರೆ, ನಿಜವಾಗಿ 100 ಇರುವ ರೇಡಿಯಮ್ 94 ಎಂದು ಕಾಣುತ್ತದೆ; ನಿಜವಾಗಿ 100 ಇರುವ ಯುರೇನಿಯಮ್ 68 ಎಂದು ಕಾಣುತ್ತದೆ! ಮಣ್ಣಿನಿಂದ ಒಂದು ಕಣವೂ ತೊಳೆದುಹೋಗಿಲ್ಲ. ಆದರೂ ನಮ್ಮ ಕೋಷ್ಟಕ ಯುರೇನಿಯಮ್ಮಿನ ಕಾಲುಭಾಗಕ್ಕಿಂತ ಹೆಚ್ಚು ನೀರಿನ ಪಾಲಾಯಿತೆಂದು ಸಾರುತ್ತದೆ. ಅದನ್ನು ನಂಬಿ ಒಬ್ಬರು ನೀರಿನ ದೋಷವೆಲ್ಲ ಮೇಲ್ಮಣ್ಣಿನದೆಂದು ಬರೆದರೆ, ಕೊಳವೆಬಾವಿಯನ್ನು ಎಲ್ಲಿ ಕೊರೆಯಬೇಕು, ಯಾವ ಆಳದ ನೀರನ್ನು ಬಿಡಬೇಕು ಎಂಬ ಸಲಹೆಯೂ ತಪ್ಪು ದಾರಿ ಹಿಡಿಯುವುದು.

ಸಾಂದ್ರತೆಯೊಂದನ್ನೇ ಸರಿಪಡಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಹೆಚ್ಚಿನ ಶಕ್ತಿಯ ಕಿರಣಗಳಿಗೆ ಸಾಕು, ಕಡಮೆ ಶಕ್ತಿಯವಕ್ಕೆ ಸಾಲದು. 63ರ ಕಿರಣವನ್ನು ಒಂದು ಗ್ರಾಂ ಕಬ್ಬಿಣ ಒಂದು ಗ್ರಾಂ ಬಿಳಿಮರಳಿನ ನಾಲ್ಕು ಪಟ್ಟಿಗೂ ಮೀರಿ ಹೀರುತ್ತದೆ. ನಮ್ಮ ನೆಲದ ಕೆಂಪೇ ಕಬ್ಬಿಣದ್ದು. ಬೇರೆ ದೇಶದ ಮಾನಕ ಮಣ್ಣಿನ ಲೆಕ್ಕವನ್ನು ಹಾಗೆಯೇ ಇದಕ್ಕೆ ಅನ್ವಯಿಸಲಾಗದು.

ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಗ್ರಾನೈಟಿನಲ್ಲಿ ಯುರೇನಿಯಮ್ ಹೆಜ್ಜೆಹೆಜ್ಜೆಗೂ ವ್ಯತ್ಯಾಸವಾಗುತ್ತದೆ. ಅಂಥಲ್ಲಿ ಮೂರನೆಯ ಒಂದು ಭಾಗದ ತಪ್ಪಿಗೆ ಇಷ್ಟು ಗದ್ದಲವೇಕೆ? ನಿಸರ್ಗದ ಏರಿಳಿತ ಎರಡು ಕಡೆಗೂ ತೂಗುತ್ತದೆ. ನೂರು ಮಾದರಿಗಳ ಸರಾಸರಿಯಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಈ ತಪ್ಪಾದರೋ ಒಂದೇ ಕಡೆ ವಾಲಿದ ತಕ್ಕಡಿ. ಸಾವಿರ ಸಲ ತೂಗಿದರೂ ವಾಲಿಯೇ ಇರುತ್ತದೆ. ಮಂಡಿಯಲ್ಲಿ ಕಾಳು ತೂಗುವವನು ಗೋಣಿಚೀಲದ ತೂಕವನ್ನು ಕಳೆಯಲು ಮರೆಯುವುದಿಲ್ಲ. (ಮರೆತರೆ ರೈತ ಬಿಡುವನೆ?) ಮಣ್ಣಿನ ಕಿರಣವನ್ನು ಎಣಿಸುವವನಿಗೆ ಹಾಗೆ ನಿಂತು ಕೇಳುವವರಿಲ್ಲ ಎಂಬುದೇ ಕೊರತೆ.

ಪರಿಹಾರ ದುಬಾರಿಯದೂ ಅಲ್ಲ, ಹೊಸದೂ ಅಲ್ಲ. ಕೆಸರಿನಲ್ಲಿರುವ ಸೀಸ-210ರ ಇನ್ನೂ ಮೆಲುವಾದ ಕಿರಣವನ್ನು ಅಳೆಯುವುದಕ್ಕಾಗಿ ಅಮೆರಿಕದ ಕಟ್‌ಷಾಲ್, ಲಾರ್ಸನ್, ಓಲ್ಸನ್ ಎಂಬವರು 1983ರಲ್ಲಿಯೇ ಸುಲಭೋಪಾಯವೊಂದನ್ನು ಪ್ರಕಟಿಸಿದರು. ಅಳೆಯಬೇಕಾದ ಕಿರಣವನ್ನೇ ಸೂಸುವ ಸಣ್ಣ ಆಕರವನ್ನು ಮಾದರಿಯ ಡಬ್ಬಿಯ ಮೇಲಿಟ್ಟು ಒಮ್ಮೆ ಎಣಿಸುವುದು. ಮಾನಾಂಕನದ ಡಬ್ಬಿಯ ಮೇಲಿಟ್ಟು ಮತ್ತೊಮ್ಮೆ ಎಣಿಸುವುದು. ಮಣ್ಣಿನದೇ ಕಿರಣಗಳ ಎಣಿಕೆಯನ್ನು ಮೊದಲನೆಯದರಿಂದ ಕಳೆದು ಎರಡನ್ನೂ ಹೋಲಿಸಿದರೆ, ಮಣ್ಣು ನುಂಗಿದ ಪಾಲು ತಿಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣವೆಷ್ಟು, ಮರಳೆಷ್ಟು ಎಂಬ ವಿಚಾರಣೆಯೇ ಬೇಕಾಗಿಲ್ಲ.

ಆದುದರಿಂದ ನಮ್ಮ ಜಿಲ್ಲೆಗಳ ಮಣ್ಣು, ಕಲ್ಲುಪುಡಿ, ಕೆರೆಯ ಹೂಳುಗಳ ವಿಕಿರಣವನ್ನು ಕುರಿತು ಪ್ರಕಟವಾಗುವ ಪ್ರತಿಯೊಂದು ವರದಿಯೂ ಡಬ್ಬಿಯಲ್ಲಿ ತುಂಬಿದ ಎತ್ತರ, ಮಾದರಿಯ ತೂಕ, ಯಾವ ವಸ್ತುವಿನಿಂದ ಮಾನಾಂಕನವಾಯಿತು, ಸ್ವಹೀರಿಕೆಗೆ ಎಷ್ಟು ಸೇರಿಸಲಾಯಿತು ಎಂಬುದನ್ನು ಅಂಕಿಯ ಪಕ್ಕದಲ್ಲಿಯೇ ಹೇಳಬೇಕೆಂದು ನನ್ನ ಅಭಿಪ್ರಾಯ. ಹೇಳದ ವರದಿಯ 63ರ ಅಂಕಿಯನ್ನು ರೇಡಿಯಮ್ಮಿನ ಅಂಕಿಯೊಡನೆ ಭಾಗಿಸುವ ಗೋಜಿಗೆ ಯಾರೂ ಹೋಗಬಾರದು. ಹಳೆಯ ಮಾದರಿಗಳ ಡಬ್ಬಿಗಳು ಯಾವುದಾದರೂ ಪ್ರಯೋಗಶಾಲೆಯ ಕಪಾಟಿನಲ್ಲಿ ಉಳಿದಿದ್ದರೆ ಅವನ್ನು ಎಸೆಯಬೇಕಾಗಿಲ್ಲ. ಮೇಲೆ ಆಕರವನ್ನಿಟ್ಟು ಮತ್ತೊಮ್ಮೆ ಎಣಿಸಿದರಾಯಿತು.